ಸುವರ್ಣಯುಗದ ಬಗ್ಗೆ ನಿಮ್ಮಪ್ಪ ಮಾಡಿದ ಭಾಷಣ

ಚಿಕ್ಕೋಡಿ
೨೬ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಮಗ ಸುರಜಗ ನಿಮ್ಮವ್ವ ಅಕ್ಕುತಾಯಿ ಮಾಡೂ ಆಶೀರ್ವಾದ.

ಹೆಂಗದಿ ತಮ್ಮಾ? ಕೆಮ್ಮು ಕಡಿಮಿ ಆತೇನು? ಮಗ್ಗದ ಶೆಡ್ಡಿನಾಗ ಹತ್ತಿ ಧೂಳಿ ಮಂಜು ಬಿದ್ದಂಗ ತುಂಬಿರ್ತೈತಿ, ನೀ ಮೂಗಿಗೆ ಬಟ್ಟಿನೂ ಕಟ್ಟಿಕೊಳ್ಳದ ನಿಂತಿರ್ತಿ ಅಂತ ಭೀಮಸಿ ಹೇಳಿದ. ಕಟ್ಟಿಕೋ. ಮಲಗೂಮುಂದ ಬಿಸಿನೀರಾಗ ಅರಿಶಿಣ ಕದಡಿ ಕುಡಿ. ಮಾರಿ ಇಳದೈತಿ, ಗಡ್ಡ ಬಿಟ್ಟಾನ ಅಂದ. ಗಡ್ಡ ಇರಲಿ, ತಗೀಬ್ಯಾಡ, ಯಾರರ ಗುರ್ತ ಹಿಡದಾರು. ಇಲ್ಲಿ ನಾನು, ನಿನ್ನ ತಂಗಿ ನೀಲಮ, ನಿಮ್ಮಪ್ಪ ಮೂರೂ ಮಂದಿ ಉಂಡು ತಿಂದು ಅದೀವಿ. ನನ್ನ ಮೊಣಕಾಲು ಮಳಿಗಾಲದಾಗ ಹೆಂಗಿರ್ತೈತಿ ಅಂತ ನಿಂಗ ಗೊತ್ತೈತಿ. ನೀಲಮನ ಬಾಲವಾಡಿ ಕೆಲಸ ನಡದೈತಿ. ನಿಮ್ಮಪ್ಪನ ತಬ್ಬೇತ ಮಾತ್ರ ಈಗ ಹರೇದ ಹುಡುಗನಂಗ ಆಗೈತಿ. ಯಾಕ ಹಂಗಾತು ಅನ್ನೂದನ್ನ ಹೇಳಾಕ ಈ ಪತ್ರ ಬರಿಯಾಕತ್ತೀನಿ.

ಭೀಮಸಿ ಮ್ಯಾಲ ಸಿಟ್ಟ ಆಗಬ್ಯಾಡ. ಅವ ನನ್ನ ಅಣ್ಣನ ಮಗ, ಟೆಂಪೋ ತುಂಬ ಕಾಯಿಪಲ್ಲೆ ಹೇರಿಕೊಂಡು ಇಚಲಕರಂಜಿಗೆ ಬರೂದು ಅವನ ದಂಧೆ, ಶೆಡ್ಡಿನ ಹೊರಗ ಚಾ ಕುಡಿಯಾಕತ್ತಿದ್ದ ನಿನ್ನನ್ನ ನೋಡಿದ್ದು ಅವನ ತಪ್ಪಲ್ಲ. "ಯಾರಿಗೂ ಹೇಳಬ್ಯಾಡ ಅಂತ ಸುರಜ ನನ್ನ ಕೈ ಹಿಡಕೊಂಡಾನ ಅತ್ತಿ, ಆದ್ರ ನಿನಗ ಹೇಳಲಿಲ್ಲಂದ್ರ ನನಗ ಅನ್ನ ಇಳಿಯಾಂಗಿಲ್ಲ" ಅಂದ. ಒಲಿ ಮುಂದ ಕುಂತು ಕೇಳಿದೆ. ಮಗ ನಲವತ್ತು ಮೈಲಿನೂ ಇಲ್ಲದ ದೂರದಾಗ ಅದಾನ, ಅವನ ತಾಯಿ ಇಲ್ಲಿ ಅವ ಯಾವ ಊರಾಗ ಅದಾನ ಅನ್ನೂದೂ ಗೊತ್ತಿಲ್ಲದ ತಿರಗಾಕತ್ತಾಳ. ನಿನ್ನ ಫೋನ್ ಫೆಬ್ರವರಿಯಿಂದ ಬಂದ್ ಐತಿ. ನೀಲಮನ ಫೋನ್ ಈಗ ನಿಮ್ಮಪ್ಪನ ಕಿಸೆದಾಗ ಇರ್ತೈತಿ. ಅದಕ್ಕ ಏಳನೇ ಇಯತ್ತೆತನಕ ಕಲ್ತ ಅಕ್ಷರ ಮತ್ತ ನೆನಪ ಮಾಡಿಕೊಂಡು ಬರಿಯಾಕತ್ತೀನಿ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನಾವು ನಿನ್ನ ನೋಡಿದ್ದು ಫೆಬ್ರವರಿಯಾಗ. ನೀಲಮ ಬಾಲವಾಡಿಯಿಂದ ಹೊತ್ತಿಗಿಂತ ಮದಲ ಬಂದು ಬಾಗಲಾ ಹಾಕಿ ಫೋನ್ ನನ್ನ ಕೈಯಾಗ ಕೊಟ್ಟಳು. ಅದರಾಗಿನ ವಿಡಿಯೋದಾಗ ಅಮೆರಿಕಾದವರು ಕೈಗೂ ಕಾಲಿಗೂ ಸರಪಳಿ ಹಾಕಿದ ಮಂದಿನ್ನ ಸಾಲ ಹಚ್ಚಿ ವಿಮಾನ ಹತ್ತಿಸಾಕತ್ತಿದ್ರು. ಹಿಂದಿಂದ ತಗದಿದ್ರು, ಯಾರ ಮಾರಿನೂ ಕಾಣತಿರಲಿಲ್ಲ. ಆದ್ರ ಎಡಗಾಲು ಸ್ವಲ್ಪ ಹೊರಗ ಒಗದು ನಡಿಯೂದನ್ನ ನೀ ಗ್ವಾಡಿ ಹಿಡಕೊಂಡು ನಡಿಯಾಕ ಕಲ್ತಾಗಿಂದ ನೋಡೀನಿ. ಸರಪಳಿ ಇದ್ರೂ ಆ ಕಾಲು ಹಂಗ ಹೋಗಾಕ ಹವಣಸತಿತ್ತು, ಸರಪಳಿ ಬಿಡತಿರಲಿಲ್ಲ. ಮರುದಿನ ಮರಾಠಿ ಚಾನೆಲ್ಲಿನಾಗ ಇಲ್ಲಿ ಇಳದ ಮ್ಯಾಲಿಂದು ಬಂತು. ಅದರಾಗ ನೀ ಅಂಗೈ ಅಡ್ಡ ಹಿಡದಿದ್ದಿ, ಆದ್ರ ಮಾರಿ ಕಂಡಿತ್ತು. ಸಂಜಿಯೊಳಗ ಊರೆಲ್ಲಾ ನೋಡಿತ್ತು. ನೋಡದಾಂವ ಒಬ್ಬನ ಒಬ್ಬ, ಗುಂಡಿ ಒತ್ತೂ ಹಳೀ ಫೋನಿನ ನಿಮ್ಮಪ್ಪ. ನೀ ಯಾರದೋ ಫೋನಿನಿಂದ ನೀಲಮಗ ಒಮ್ಮೆ ಫೋನ್ ಮಾಡಿ ಅಪ್ಪಗ ಹೇಳಬ್ಯಾಡ ಅಂದಿ, ಅವನ ಮುಂದ ಹೇಳೂ ಎದಿ ನಮಗೂ ಇರಲಿಲ್ಲ. "ಅಲ್ಲಿ ಈಗ ರಾತ್ರಿ ಪಾಳಿ, ಅದಕ್ಕ ಫೋನ್ ಬರವಲ್ದು" ಅಂತ ನೀಲಮ ಹೇಳಿದಳು. ಅವ ನಂಬಿದ. ಅಲ್ಲಿದ್ದ ಮಗನ ಬಗ್ಗೆ ಏನ ಹೇಳಿದ್ರೂ ಅವ ನಂಬತಿದ್ದ.

ನಿಮ್ಮಪ್ಪಗ ಅಮೆರಿಕಾದ ಹುಚ್ಚು ಹೆಂಗ ಹತ್ತಿತು ಅಂತ ನಿಂಗ ಗೊತ್ತೈತಿ, ಆದ್ರೂ ಬರೀತೀನಿ, ಯಾಕಂದ್ರ ಅವನ್ನ ಬರೇ ಬೈದ್ರ ಅದು ನ್ಯಾಯ ಆಗಾಂಗಿಲ್ಲ. ನಮ್ಮ ಗ್ವಾಡಿ ಮ್ಯಾಲ ಬುದ್ಧನ ಬಾಜೂಕ ಬಾಬಾಸಾಹೇಬರು ಅದಾರ. ಅವರು ಆ ದೇಶಕ್ಕ ಕಲಿಯಾಕ ಹೋಗಿದ್ರು, ಅಲ್ಲಿ ಅವರನ್ನ ಯಾರೂ ನೀ ಯಾರ ಪೈಕಿ ಅಂತ ಕೇಳಲಿಲ್ಲ ಅಂತ ನಿಮ್ಮಜ್ಜ ನಿಮ್ಮಪ್ಪಗ ಸಣ್ಣಾವ ಇದ್ದಾಗಿಂದ ಹೇಳಿಕೋತ ಬಂದ. ಇಲ್ಲಿ ಬಸ್‌ಸ್ಟ್ಯಾಂಡಿನಾಗ ಕಂಟ್ರೋಲರ್ ಆಗಿ ಮೈಕಿನಾಗ ಕನ್ನಡ ಮರಾಠಿ ಎರಡರಾಗೂ ಬಸ್ಸಿನ ಹೆಸರು ಕೂಗತಿದ್ದ ಮನಶ್ಯಾ ನಿಮ್ಮಪ್ಪ. ಅವನ ದನಿ ಕೇಳಿ ಮಂದಿ ಓಡಿ ಬಸ್ ಹತ್ತತಿದ್ರು, ಆದ್ರ ಮೈಕ್ ಬಂದ್ ಮಾಡಿ ಹೊರಗ ಬಂದ್ರ ಅವ ಗುರಪ್ಪ ಅಲ್ಲ, ಗುರ್ಯಾ. ನೌಕರಿ ಮುಗಿಯೂತನಕ ಗುರ್ಯಾ. ಆ ದೇಶದಾಗ ನನ್ನ ಮಗ ಮಿಸ್ಟರ್ ಸುರಜ ಆಗಬೇಕು ಅಂತ ಅವನ ತಲಿಯಾಗ ಕುಂತಿತ್ತು. ನಿನಗ ನಿಪ್ಪಾಣಿಯಾಗ ಮೊಬೈಲ್ ರಿಪೇರಿ ಅಂಗಡಿ ಹಾಕೂ ಮನಸ್ಸಿತ್ತು. "ನಾ ಒಲ್ಲೆ ಅಪ್ಪಾ" ಅಂತ ನೀ ಹಿತ್ತಲದಾಗ ನಿಂತು ಅಂದಿದ್ದು ನಾ ಕೇಳೀನಿ. ಏಜಂಟನ ಮನಿಗೆ ನಿನ್ನ ರಟ್ಟಿ ಹಿಡದು ಕರಕೊಂಡು ಹೋದಾಂವ ಅವ. ಕಾಡು, ಹೊಳಿ ದಾಟಿ ಹೋಗೂದು ಅಂತ ಏಜಂಟ ಹೇಳಿದಾಗ "ಗಂಡಸ ಅದಾನ, ದಾಟ್ತಾನ" ಅಂದಾಂವ ಅವ.

ನೀ ದಾಟಿ ಮುಟ್ಟಿದ ಮ್ಯಾಲ ಅವನ ನಾಲಿಗಿಗೆ ಹತೋಟಿ ಉಳೀಲಿಲ್ಲ. ಸಂಭಾಜಿಯ ಹೋಟೆಲ್ಲಿನಾಗ ಮುಂಜಾನೆ ಕುಂತ್ರ ಅಮೆರಿಕಾ ಬಿಟ್ಟು ಮಾತಿಲ್ಲ. ಪೆಟ್ರೋಲ್ ಪಂಪಿನ ಅಂಗಡಿಯಾಗ ನೀ ನೆಲಾ ಒರಸಿದ್ರ ಇಲ್ಲಿ ಅವ ನಿನ್ನ ಮ್ಯಾನೇಜರ್ ಮಾಡಿದ್ದ. ಸಂಭಾಜಿಯ ಮಗ ವಡಾಪಾವ್ ಗಾಡಿ ಹಚ್ಚಿದಾಗ "ನಿನ್ನ ಮಗ ಎಣ್ಣಿಯಾಗ ಕರಿಯಾಕತ್ತಾನ, ನನ್ನ ಮಗ ಡಾಲರ್ ಎಣಸಾಕತ್ತಾನ" ಅಂತ ಮಂದಿ ಮುಂದ ಅಂದ. ತವನಪ್ಪ ಮಾಸ್ತರ ಗೊತ್ತಲ್ಲಾ, ನಿನಗ ಹೈಸ್ಕೂಲಿನಾಗ ಇತಿಹಾಸ ಕಲಿಸಿದವರು, ಈಗ ನಿವೃತ್ತ ನೌಕರರ ಸಂಘದ ಅಧ್ಯಕ್ಷರು. ಅವರ ಮಗಗ ಎರಡು ಸಲ ವೀಸಾ ಸಿಗಲಿಲ್ಲ. "ಮಾಸ್ತರ, ಇತಿಹಾಸ ಓದಿದವರನ್ನ ಆ ದೇಶ ಒಳಗ ಬಿಡೂದಿಲ್ಲಂತ" ಅಂತ ನಿಮ್ಮಪ್ಪ ನಕ್ಕ. ಇವರೆಲ್ಲಾ ಅದನ್ನ ಗಂಟು ಹಾಕಿ ಇಟ್ಟಿದ್ರು, ಫೆಬ್ರವರಿಯಾಗ ಆ ಗಂಟು ಬಿಚ್ಚಿದ್ರು.

ಏನ ಮಾಡಿದ್ರು ಗೊತ್ತೈತೇನು? ಏನೂ ಹೇಳಲಿಲ್ಲ. ಅಷ್ಟ ಮಾಡಿದ್ರು. ದಿನಾ ಮುಂಜಾನೆ ಅವಂಗ ನಡುವಿನ ಕುರ್ಚಿ ಬಿಟ್ಟು ಕೊಟ್ರು. "ಗುರಪ್ಪ ಸರ್, ಅಲ್ಲಿ ಹೊಸದಾಗಿ ಗಾದಿಗೆ ಬಂದವರು ಇವತ್ತಿನಿಂದ ಸುವರ್ಣಯುಗ ಸುರು ಅಂದಾರಂತ, ನಿಮ್ಮ ಮಗ ಏನಂತಾನ್ರಿ?" ಅಂತ ಒಬ್ಬ ಕೇಳೂದು. "ಬಂದೈತ್ರಿ, ಬಂದೈತಿ, ನನ್ನ ಮಗ ಕಣ್ಣಾರೆ ನೋಡಾಕತ್ತಾನ" ಅಂತ ಇವ ಹೇಳೂದು. ಹಿಂದಿನ ಬಾಕಿನ ಮ್ಯಾಲಿನವರು ಚಾದ ಕಪ್ಪಿನಾಗ ಮಾರಿ ಮುಚ್ಚಿಕೊಂಡು ನಗೂದು. ನಮ್ಮ ಮಾಲಿನ ಮ್ಯಾಲ ಆ ದೇಶ ತೆರಿಗಿ ಏರಿಸಿದಾಗ ಕೊಲ್ಲಾಪುರಿ ಚಪ್ಪಲಿ ಮಾಡೂ ಮಂದಿ ತಲಿ ಮ್ಯಾಲ ಕೈ ಹೊತ್ತು ಕುಂತ್ರು, ಅವತ್ತೂ ಇವ ಆ ದೇಶದ ಪರ ಮಾತಾಡಿದ. "ಅಲ್ಲಿ ಮನಿಗೆ ಬಂದ ಪಾಹುಣ್ಯಾರನ್ನ ಭಾಳ ಮರ್ಯಾದಿಲೇ ಕಳಸ್ತಾರಂತಲ್ರಿ ಸರ್" ಅಂತ ಯಾರೋ ಅಂದ್ರ "ಹೌದ್ರಿ, ವಿಮಾನದ ಬಾಗಲಾತನಕ ಬರ್ತಾರ" ಅಂದನಂತ. ಆ ಮಾತು ಊರೆಲ್ಲಾ ತಿರಗಿತು. ನೀರಿನ ನಳದ ಹತ್ರ ಹೆಂಗಸರು ನನ್ನ ನೋಡಿ ಮಾತು ನಿಲ್ಲಸತಿದ್ರು. ಖರೇ ಹೇಳಲೇನು? ಇಷ್ಟು ವರ್ಷ ಮನ್ಯಾಗ ನನ್ನ ಮಾತು ಬಾಯಾಗ ಇರೂತನ ಕಡದಾಂವ ಹೊರಗ ಹಿಂಗ ಮಳ್ಳ ಆಗಾಕತ್ತಾನ ಅಂತ ಒಂದೊಂದ ದಿನ ನನಗೂ ಒಳಗ ತಂಪ ಅನಸತಿತ್ತು. ಅವನ ಅಂಗಿ ಇಸ್ತ್ರಿ ಮಾಡಿ ಕೊಟ್ಟು ಕಳಸತಿದ್ದೆ.

ಈ ತಿಂಗಳ ಸ್ವಾತಂತ್ರ್ಯದ ದಿನ ಆದ ಮ್ಯಾಲಿನ ರವಿವಾರ ಸಂಘದವರು ಕಾರ್ಯಕ್ರಮ ಇಟ್ಟಿದ್ರು. ತವನಪ್ಪ ಮಾಸ್ತರ ತಾವ ಮನಿಗೆ ಬಂದ್ರು. ಇಷ್ಟು ವರ್ಷದಾಗ ಅವರು ನಮ್ಮ ಮನಿಯೊಳಗ ಬಂದದ್ದು ಅದ ಮದಲ. ಚಾನೂ ಕುಡದ್ರು. "ಅಮೆರಿಕಾದ ಸುವರ್ಣಯುಗ ಬಂತೋ ಹೋತೋ ಅಂತ ವಿಷಯ ಇಟ್ಟೀವ್ರಿ. ಹೋತು ಅಂತ ನಾ ಮಾತಾಡ್ತೀನಿ. ಬಂತು ಅಂತ ಮಾತಾಡಾಕ ಈ ಊರಾಗ ನಿಮ್ಮನ್ನ ಬಿಟ್ರ ಯಾರದಾರ್ರಿ?" ಅಂದ್ರು. ನನ್ನ ಕಡೆ ನೋಡಿ "ವೈನಿಯವ್ರೂ ಬರಬೇಕ್ರಿ" ಅಂದ್ರು. ಹೇಳೂಮುಂದ ನಕ್ಕ ಆ ನಗಿ ನನಗ ಸೇರಲಿಲ್ಲ. ಅವರು ಹೋದ ಮ್ಯಾಲ "ಹೋಗಬ್ಯಾಡ್ರಿ" ಅಂದೆ. "ಮಾಸ್ತರ ಮನಿಗೆ ಬಂದು ಕರದಾರ, ನಿನಗ ಹೊಟ್ಟಿಕಿಚ್ಚೇನು?" ಅಂದ. ಆ ಮ್ಯಾಲ ಕನ್ನಡಿ ಮುಂದ ನಿಂತು ತಯಾರಿ ನಡಸಿದ. ಗ್ವಾಡಿ ಮ್ಯಾಲಿನ ಫೋಟೋಕ್ಕ ಕೈ ಮುಗದು ಹೊರಟ.

ಹಾಲ್ ತುಂಬಿತ್ತು. ಅಷ್ಟು ಮಂದಿ ಸಂಘದಾಗ ಇಲ್ಲ, ನೋಡಾಕ ಬಂದವರ ಭಾಳ ಇದ್ರು. ನಾನು ನೀಲಮ ಹೆಂಗಸರ ಕುರ್ಚಿಯೊಳಗ ಕುಂತ್ವಿ. ಸಂಭಾಜಿ ಬಿಳಿ ಪಡದೆ ಕಟ್ಟಿದ್ದ. ಮದಲ ಮಾಸ್ತರ ಮಾತಾಡಿದ್ರು. ರೋಮ ಅಂದ್ರು, ಇಂಗ್ಲಿಷರು ಅಂದ್ರು, ನಮ್ಮ ವಿಜಾಪುರದ ಆದಿಲಶಾಹಿ ಅಂದ್ರು. ದೇಶ ಹರೇದಾಗ ಇದ್ದಾಗ ಬಾಗಲಾ ತಗದ ಇಡ್ತೈತಿ, ಮುದಿ ಆದಂಗ ಬಾಗಲಾ ಹಾಕ್ಕೊಂಡು ಒಳಗ ಕುಂತು ಹಿಂದಿನ ಬಂಗಾರ ನೆನಸ್ತೈತಿ, ಆ ದೇಶಕ್ಕೂ ಈಗ ಮುಪ್ಪು ಬಂತು ಅಂದ್ರು. ಚಲೋ ಮಾತಾಡಿದ್ರು, ಆದ್ರ ಅವರ ಕಣ್ಣು ಬ್ಯಾರೆ ಕಡೆ ಇತ್ತು.

ಆಮ್ಯಾಲ ನಿಮ್ಮಪ್ಪನ ಕೊರಳಾಗ ಹಾರ ಹಾಕಿದ್ರು. ಅವ ಮೈಕ್ ಹಿಡದ ಅಂದ್ರ ನಿಂಗ ಗೊತ್ತೈತಲ್ಲಾ, ಮದಲಿನ ದನಿ ಎಲ್ಲಿಂದಲೋ ಬಂತು. "ಮಾಸ್ತರ ಪುಸ್ತಕ ನೋಡಿ ಹೇಳಿದ್ರು, ನಾ ಬಸ್‌ಸ್ಟ್ಯಾಂಡ್ ನೋಡಿ ಹೇಳ್ತೀನ್ರಿ" ಅಂದ. ಯಾವ ಊರಿಗೆ ಬಸ್ ಬಂದ್ರ ಮಂದಿ ಕಿಡಕ್ಯಾಗ ಟವೆಲ್ ಒಗೀತಾರ, ಆ ಊರು ಬೆಳಿಯಾಕತ್ತೈತಿ ಅಂತ ತಿಳ್ಕೋರಿ. ಯಾವ ಊರ ಬಸ್ಸಿಗೆ ಡ್ರೈವರನ ಮಂದಿನ್ನ ಕರೀತಾನ, ಆ ಊರು ಮುಗೀತು. ಜಗತ್ತಿನ ಮಂದಿ ಯಾವ ದೇಶಕ್ಕ ಟವೆಲ್ ಒಗಿಯಾಕತ್ತಾರ್ರಿ? ಮಂದಿ ಜೀವ ಕೈಯಾಗ ಹಿಡಕೊಂಡು ಯಾವ ಬಾಗಲದಾಗ ನಿಂತಾರ, ಅಲ್ಲಿ ಸುವರ್ಣಯುಗ ಐತಿ ಅಂದ. ಕೆಲವರು ಖರೇನ ಚಪ್ಪಾಳಿ ಬಡದ್ರು. ನನಗೂ ಒಂದ ಗಳಿಗಿ ನನ್ನ ಗಂಡ ಚಂದ ಕಂಡ.

ಆವಾಗ ಮಾಸ್ತರ ಎದ್ದು ನಿಂತು, "ಗುರಪ್ಪ ಸರ್, ಆ ಬಸ್ಸಿನಿಂದ ಕೆಳಗ ಇಳಿಸಿದವರ ಬಗ್ಗೆ ಏನ ಹೇಳ್ತೀರಿ?" ಅಂದ್ರು. ದೀಪ ಆರಿಸಿದ್ರು. ಪಡದೆ ಮ್ಯಾಲ ಅದ ವಿಡಿಯೋ ಬಂತು. ಸಾಲ ಹಚ್ಚಿದ ಮಂದಿ, ಸರಪಳಿ, ಎಡಗಾಲು. ಮುಗದ ಕೂಡಲೇ ಮತ್ತ ಸುರು ಆಗೂ ಹಂಗ ಹಚ್ಚಿದ್ರು. ಅದರ ಹಿಂದ ಇಲ್ಲಿ ಇಳದಾಗಿಂದು, ನಿನ್ನ ಮಾರಿ ಗ್ವಾಡಿಯಷ್ಟು ದೊಡ್ಡದು. ಹಾಲಿನಾಗ ನಗಿ ಹುಟ್ಟಿತು. ಆರು ತಿಂಗಳಿಂದ ಹಿಡದು ಇಟ್ಟ ನಗಿ ಅದು, ಕುರ್ಚಿ ಬಡದು ನಕ್ಕರು. ನಿಮ್ಮಪ್ಪ ಹೊಳ್ಳಿ ಪಡದೆ ನೋಡಿದ. ನೋಡಿಕೋತ ನಿಂತ. ಹಾರದ ಮ್ಯಾಲ ಅವನ ಕೈ ಇತ್ತು, ಆ ಕೈ ಹಾರ ಹಿಂಡಾಕತ್ತಿತ್ತು. ನನಗ ಅದನ್ನ ನೋಡಾಕ ಆಗಲಿಲ್ಲ. ಎದ್ದೆ. ನೀಲಮ ಸೆರಗು ಹಿಡದು ಎಳದಳು, ಬಿಡಿಸಿಕೊಂಡೆ. ವೇದಿಕಿ ಹತ್ತಿ ಪಡದೆ ಮುಂದ ಹೋಗಿ ನಿಂತೆ, ಎರಡೂ ಕೈ ಅಗಲ ಮಾಡಿ. ಆ ಬೆಳಕು ಕಣ್ಣಿಗೆ ಹೊಡೀತು, ಏನೂ ಕಾಣಲಿಲ್ಲ. ನಿನ್ನ ಮಾರಿ ನನ್ನ ಸೀರಿ ಮ್ಯಾಲ ಬಿದ್ದಿತ್ತಂತ, ನೀಲಮ ಆಮ್ಯಾಲ ಹೇಳಿದಳು. ನಗಿ ನಿಂತು ಹೋತು. ಇನ್ನ ಇವ ನನ್ನ ಕೈ ಹಿಡದು ಮನಿಗೆ ಕರಕೊಂಡು ಹೋಗ್ತಾನ, ಹಾರ ಹರದು ಅವರ ಮಾರಿ ಮ್ಯಾಲ ಒಗೀತಾನ ಅಂತ ನಿಂತಿದ್ದೆ ತಮ್ಮಾ.

"ಅಕ್ಕುತಾಯಿ, ಬಾಜೂಕ ಸರಿ. ಮಂದಿಗೆ ಕಾಣವಲ್ದು" ಅಂದ. ಮೈಕಿನಾಗ ಅಂದ. ಅಥಣಿ ಬಸ್ ಪ್ಲಾಟ್‌ಫಾರಂ ಬಿಟ್ಟೈತಿ ಅನ್ನೂ ದನಿಯಾಗ.

ನಾ ಸರದೆ.

ಅವ ಪಡದೆ ಕಡೆ ಕೈ ಮಾಡಿ ಹೇಳಿದ. "ಇವ ಸುರಜ. ನನ್ನ ಮಗ. ನೀವು ಆರು ತಿಂಗಳಿಂದ ಯಾಕ ನಗಾಕತ್ತೀರಿ ಅಂತ ಈಗ ತಿಳೀತು. ನಗ್ರಿ. ಆದ್ರ ನಾ ಸರ್ವಿಸ್ ಇರೂತನ ಟಿಕೇಟ್ ಇಲ್ಲದ ಹತ್ತಿದವನ್ನ ಕೆಳಗ ಇಳಿಸೀನಿ, ಅಳೂ ಮುದುಕಿನ್ನೂ ಇಳಿಸೀನಿ. ಇಳಿಸದ ಬಸ್ ಘಾಟಿನಾಗ ಪಲ್ಟಿ ಹೊಡೀತೈತಿ. ನನ್ನ ಮಗ ಟಿಕೇಟ್ ಇಲ್ಲದ ಹತ್ತಿದ್ದ, ಅವರು ಇಳಿಸ್ಯಾರ. ಹಂಗ ಇಳಿಸೂ ತಾಕತ್ ಇದ್ದ ದೇಶಕ್ಕ ಮುಪ್ಪು ಬಂದೈತಿ ಅಂತ ಯಾರ ಅಂತೀರಿ?" ಹಿಂದಿಂದ ಒಬ್ಬ ಹುಡುಗ "ಸರಪಳಿ ಯಾಕ್ರಿ ಮತ್ತ?" ಅಂದ. "ಕಳ್ಳಗ ಹಾರ ಹಾಕ್ತಾರೇನು?" ಅಂದ ನಿಮ್ಮಪ್ಪ. ಹಾರ ಹಾಕ್ಕೊಂಡ ಅಂದ. ಆಮ್ಯಾಲ ಯಾರೋ ಎದ್ದು ಚಪ್ಪಾಳಿ ಬಡದ, ಅವನ ಹಿಂದ ಎಲ್ಲಾರೂ ಎದ್ರು. ಸಂಭಾಜಿನೂ ಎದ್ದ. ಮಾಸ್ತರ ಬಂದು ಅವನ ಕೈ ಹಿಡಕೊಂಡು "ಸರ್, ನಾ ಸೋತೆ" ಅಂದ್ರು. ನಿನ್ನ ಮಾರಿ ಅಷ್ಟೊತ್ತೂ ಪಡದೆ ಮ್ಯಾಲ ಹಂಗ ಬಂದು ಹೋಗಿ ಮಾಡಾಕತ್ತಿತ್ತು, ಬಂದ್ ಮಾಡಬೇಕು ಅಂತ ಯಾರಿಗೂ ಅನಸಲಿಲ್ಲ. ನೀಲಮ ಹೋಗಿ ವಾಯರ್ ಕಿತ್ತಳು.

ಮನಿಗೆ ಬಂದು ಕೈಕಾಲು ತೊಳಕೊಂಡು ಉಣ್ಣಾಕ ಕುಂತ. ಮತ್ತೊಂದ ರೊಟ್ಟಿ ಬೇಡಿದ. "ಏಜಂಟನ ಮನಿಗೆ ಅವನ್ನ ಕರಕೊಂಡು ಹೋದಾಂವ ಯಾರು?" ಅಂದೆ. "ಅದನ್ನ ಅಲ್ಲಿ ಯಾರೂ ಕೇಳಲಿಲ್ಲ" ಅಂದ. ನೀ ಈಗ ಎಲ್ಲಿ ಅದಿ, ಉಂಡಿಯೋ ಇಲ್ಲೋ, ಒಂದ ಮಾತು ಕೇಳಲಿಲ್ಲ ತಮ್ಮಾ. ಅವಂಗ ದುಃಖ ಆಗಿಲ್ಲ ಅಂತ ಹೇಳಾಂಗಿಲ್ಲ. ಆ ಹಾಲಿನಾಗ ಹಾರ ಹಿಂಡಿದ ಕೈ ನಾ ನೋಡೀನಿ. ಆದ್ರ ಆ ದುಃಖ ಚಪ್ಪಾಳಿ ಬೀಳೂಷ್ಟ ಹೊತ್ತಿನಾಗ ಎಲ್ಲಿ ಹೋತೋ ಗೊತ್ತಿಲ್ಲ. ಯಾರೋ ಅವನ ಭಾಷಣ ತಗದು ಮೊಬೈಲಿನಾಗ ಬಿಟ್ರು. ನೀಲಮನ ಫೋನ್ ಕಸಗೊಂಡು ಅದನ್ನ ಹಚ್ಚಿ ಹಚ್ಚಿ ಕೇಳ್ತಾನ. "ದನಿ ಚಲೋ ಬಂದೈತಿ" ಅಂತಾನ. ನಿಪ್ಪಾಣಿಯಿಂದ, ರಾಯಬಾಗದಿಂದ ಗುರ್ತ ಇಲ್ಲದವರು ಫೋನ್ ಮಾಡಿ ಸರ್ ಅಂತಾರ. ಮಗನಿಗಿಂತ ನ್ಯಾಯ ದೊಡ್ಡದು ಅಂದ ಮನಶ್ಯಾ ಅಂತ ಮಂದಿ ಬಾಯಾಗ ಆಗ್ಯಾನ. ಸಂಭಾಜಿ ಅವನ ಚಾದ ರೊಕ್ಕ ತಗೊಳ್ಳೂದಿಲ್ಲ. ಈ ಊರಾಗ ಯಾರೂ ಈಗ ಗುರ್ಯಾ ಅನ್ನೂದಿಲ್ಲ. ಅಮೆರಿಕಾದ ಸುವರ್ಣಯುಗ ಬಂತೋ ಹೋತೋ ನಂಗ ತಿಳೀದು, ನಿಮ್ಮಪ್ಪಂದು ಬಂದೈತಿ. ಅದು ನಿನ್ನ ಬೆನ್ನ ಮ್ಯಾಲ ಕಾಲಿಟ್ಟು ಬಂದೈತಿ.

ಮುಂದಿನ ತಿಂಗಳು ನಿಪ್ಪಾಣಿಯ ಒಂದು ಕಾಲೇಜಿನಾಗ ಭಾಷಣಕ್ಕ ಕರದಾರ. "ಹುಡುಗ ಸಿಕ್ಕಿದ್ರ ಬಾಜೂಕ ನಿಲ್ಲಸ್ತಿದ್ದೆ. ನಂದ ತಪ್ಪು, ಅವರು ಮಾಡಿದ್ದು ಬರೋಬರ ಅಂತ ಅವನ ಬಾಯಿಲೇ ಹೇಳಿಸ್ತಿದ್ದೆ" ಅಂತ ನಿನ್ನೆ ಸಂಜಿ ಮಾಸ್ತರ ಮುಂದ ಅಂದ. ಮಾಸ್ತರ "ಭಾರಿ ಆಗ್ತೈತ್ರಿ ಸರ್" ಅಂದ್ರು. ಮನಿಯೊಳಗ ನಿನ್ನ ಹೆಸರು ತಗದ್ರ ಸಿಡಿದು ಬೀಳ್ತಾನ, ವೇದಿಕಿ ಮ್ಯಾಲ ಮಾತ್ರ ಸುರಜ ಸುರಜ ಅಂತ ಬಾಯಿ ತುಂಬ ಅಂತಾನ. ನೀ ಎಲ್ಲಿ ಅದಿ ಅಂತ ಅವಂಗ ಗೊತ್ತಿಲ್ಲ ಅನ್ನೂದ ಒಂದು ನನಗ ಸಮಾಧಾನ. ಅಲ್ಲೇ ಇರು. ಹೊಟ್ಟಿ ತುಂಬ ಉಣ್ಣು. ನಿನ್ನದು ಏನೂ ತಪ್ಪಿಲ್ಲ, ಇದನ್ನ ನಿನ್ನ ತಾಯಿ ಬರದಾಳ ಅಂತ ಇಟ್ಕೋ. ದೀಪಾವಳಿಗೆ ಚಕ್ಕಲಿ ಮಾಡಿಕೊಂಡು ಭೀಮಸಿಯ ಟೆಂಪೋದಾಗ ನಾನ ಬರ್ತೀನಿ, ನೀಲಮನೂ ಬರ್ತೀನಿ ಅಂತಾಳ.

ನಿನ್ನ ಕೈಕಾಲು ಗಟ್ಟಿ ಇರಲಿ, ನೀ ಹೋದಲ್ಲಿ ಯಾರೂ ನಿನ್ನ ನೋಡಿ ನಗದಿರಲಿ. ನೀಲಮ ಅಣ್ಣಗ ಜೈ ಭೀಮ ಹೇಳ್ಯಾಳ.

ನಿನ್ನ ಅವ್ವ,
ಅಕ್ಕುತಾಯಿ

ತಾ.ಕ.: ಪತ್ರ ಮಡಚಿ ಕೊಡಾಕ ಹೊರಗ ಬಂದ್ರ ಭೀಮಸಿ ನನ್ನ ಮಾರಿ ನೋಡವಲ್ಲ. ಇವತ್ತ ಮುಂಜಾನೆ ಹೋಟೆಲ್ಲಿನಾಗ ನಿಮ್ಮಪ್ಪ ಅವನ ಹೆಗಲ ಮ್ಯಾಲ ಕೈ ಹಾಕಿ ಬಾಜೂಕ ಕುಂದ್ರಿಸಿಕೊಂಡು ಕೇಳಿದನಂತ, ಇವ ಎಲ್ಲಾ ಹೇಳ್ಯಾನ. ಶೆಡ್ಡು, ಓಣಿ, ನಿನ್ನ ಪಾಳಿ ಬಿಡೂ ಹೊತ್ತು. ರವಿವಾರ ನಿಮ್ಮಪ್ಪ ಮಾಸ್ತರನ ಕಾರಿನಾಗ ನಿನ್ನ ಕರಕೊಂಡು ಬರಾಕ ಅಲ್ಲಿಗೆ ಬರಾವ. ಟೆಂಪೋ ಚಾಲೂ ಐತಿ, ಗ್ವಾಡಿಗೆ ಇಟ್ಕೊಂಡು ಬರಿಯಾಕತ್ತೀನಿ. ಶನಿವಾರದೊಳಗ ಖೋಲಿ ಬಿಡು, ಊರೂ ಬಿಡು. ಎಲ್ಲಿಗೆ ಹೋದಿ ಅಂತ ಭೀಮಸಿಗೆ ಹೇಳಬ್ಯಾಡ, ನೀಲಮಗೂ ಹೇಳಬ್ಯಾಡ. ನನಗೂ ತಿಳಿಸಬ್ಯಾಡ ತಮ್ಮಾ. ಅವ ಆ ದನಿಯಾಗ ಕೇಳಿದ್ರ ನಾ ಹೇಳಿಬಿಡ್ತೀನಿ.